ಹಿತ್ತಲಿನಿಂದ ಬರುತ್ತಿದ್ದ ಮನಿಯಾರ್ಡರ್

ನಮ್ಮ ಅಡುಗೆಮನೆಯ ಬಾಗಿಲಿಗೂ ಹಿತ್ತಲಿನ ಬಾಡಿಗೆ ಮನೆಗೂ ನಡುವೆ ಇದ್ದದ್ದು ಒಂದು ಬಾವಿ, ಒಂದು ಬಟ್ಟೆ ಒಗೆಯುವ ಕಲ್ಲು, ಅಷ್ಟೇ. ಅವರು ಸಾರಿಗೆ ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಆದರೂ ಅವರ ಬಾಡಿಗೆ ನಮ್ಮ ಕೈ ಸೇರುತ್ತಿದ್ದುದು ಯಶವಂತಪುರದ ಪೋಸ್ಟಾಫೀಸು ಸುತ್ತಿಕೊಂಡು, ಮನಿಯಾರ್ಡರಿನಲ್ಲಿ.

ಆ ಮನೆ ಎದ್ದದ್ದು ಅಮ್ಮನ ಚಿನ್ನದ ಬಳೆಗಳಿಂದ. ಅಪ್ಪ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಅರವತ್ತರ ದಶಕದ ಮೊದಲಲ್ಲಿ ಜಾಲಹಳ್ಳಿ ಕಡೆಯ ಕಾರ್ಖಾನೆಗಳಿಗೆ ಸೇರಿದವರು ಮನೆ ಕೇಳಿಕೊಂಡು ನಮ್ಮ ಬೀದಿಯಲ್ಲಿ ಓಡಾಡತೊಡಗಿದಾಗ ಅಮ್ಮ, “ಕೈಯಲ್ಲಿದ್ರೆ ಸುಮ್ನೆ ಸವೀತವೆ, ಗೋಡೆ ಆದ್ರೆ ತಿಂಗಳು ತಿಂಗಳೂ ದುಡೀತವೆ” ಎಂದು ಬಿಚ್ಚಿಕೊಟ್ಟಳು. ಒಂದು ನಡುಮನೆ, ಒಂದು ಅಡುಗೆಮನೆ, ಮೇಲೆ ಹೆಂಚು. ಗೋಡೆ ದುಡಿಯಿತು, ಇಲ್ಲವೆನ್ನಲಾರೆ. ಆದರೆ ವರ್ಷಕ್ಕೊಮ್ಮೆ ಸುಣ್ಣ, ಒಡೆದ ಹೆಂಚು, ಬಾವಿಯ ಹಗ್ಗ, ಕಂದಾಯ ಇವನ್ನೆಲ್ಲ ಕಳೆದರೆ ಉಳಿಯುತ್ತಿದ್ದುದು ಹಾಲಿನವಳ ಲೆಕ್ಕಕ್ಕೆ ಸರಿಹೋಗುತ್ತಿತ್ತು.

ಮಲ್ಲೇಶ್ವರದ ನಮ್ಮ ದೊಡ್ಡಮ್ಮನಿಗೆ ಒಬ್ಬ ಬಾಡಿಗೆದಾರನಿದ್ದ. ಬಿಡು ಎಂದಾಗ ಅವನು ಹಳೆಯ ರಸೀದಿಗಳನ್ನೆಲ್ಲ ಕಟ್ಟಿಕೊಂಡು ಕೋರ್ಟಿಗೆ ಹೋದ. ದೊಡ್ಡಮ್ಮ ತನ್ನದೇ ಮನೆಯ ಬಾಗಿಲನ್ನು ಬೀದಿಯಿಂದ ನೋಡುವಂತಾಯಿತು. ಅಂದಿನಿಂದ ಅಮ್ಮನ ದೃಷ್ಟಿಯಲ್ಲಿ ರಸೀದಿಯೆಂದರೆ ಮನೆ ಬರೆದುಕೊಟ್ಟ ಹಾಗೆಯೇ.

ಹೊಸ ಮನೆಗೆ ಬಂದವರು ಕಾರ್ಖಾನೆಯ ಒಬ್ಬ ಫಿಟ್ಟರು ಮತ್ತು ಅವರ ಬಸುರಿ ಹೆಂಡತಿ. ಮೊದಲ ತಿಂಗಳ ಬಾಡಿಗೆ ಕೊಟ್ಟು ಫಿಟ್ಟರು ಹೊಸ್ತಿಲ ಬಳಿಯೇ ನಿಂತರು.

“ಒಂದು ರಸೀದಿ ಕೊಟ್ಬಿಟ್ರೆ ಅನುಕೂಲ ಅಮ್ಮಾ.”

“ರಸೀದಿ ಯಾಕಪ್ಪಾ? ನಾವೇನ್ ಊರು ಬಿಟ್ಟು ಹೋಗ್ತೀವಾ?”

“ನೀವು ಹೋಗಲ್ಲ. ನಾಳೆ ನಮ್ಮನ್ನ ಹೋಗಿ ಅಂದ್ಬಿಟ್ರೆ?”

ಅಮ್ಮ ಒಳಗೆ ಬಂದು ಅಪ್ಪನಿಗೆ, “ನೋಡಿದ್ರಾ, ಕಾಲಿಟ್ಟು ತಿಂಗಳಾಗಿಲ್ಲ, ಕಾಗದ ಕೇಳ್ತಾನೆ” ಎಂದಳು. ಅಪ್ಪ, “ಬರ್ಕೊಟ್ರೆ ಏನಾಗುತ್ತೆ ಕಣೇ” ಎಂದದ್ದಕ್ಕೆ ಆ ರಾತ್ರಿ ಅವರ ಅನ್ನಕ್ಕೆ ತುಪ್ಪ ಬೀಳಲಿಲ್ಲ.

ಹಿಂದೆ ಮತ್ತಿಕೆರೆಯಲ್ಲಿದ್ದಾಗ ಮನೆ ಮಾಲೀಕ ಕೊಟ್ಟ ಬಾಡಿಗೆಯನ್ನೇ ಕೊಟ್ಟಿಲ್ಲವೆಂದು ತಮ್ಮ ಪಾತ್ರೆಗಳನ್ನು ಬೀದಿಗೆ ಹಾಕಿದ್ದನೆಂದು ಫಿಟ್ಟರ ಹೆಂಡತಿ ಬಾವಿಕಟ್ಟೆಯಲ್ಲಿ ಹೇಳಿದರು. ಈ ಸಲ ಹೊಟ್ಟೆಯಲ್ಲಿ ಮಗುವಿದೆ, ಹಾಗಾದರೆ ಎಲ್ಲಿಗೆ ಹೋಗುವುದು ಎಂದು ಕಣ್ಣೊರೆಸಿಕೊಂಡರು. ಅಮ್ಮ ಅವರ ಕೊಡ ತುಂಬಿಸಿಕೊಟ್ಟಳು. ಒಳಗೆ ಬಂದು ಮಾತ್ರ ನನಗೆ, “ಕಥೆ ಚೆನ್ನಾಗಿ ಕಟ್ತಾಳೆ” ಎಂದಳು.

ಮುಂದಿನ ತಿಂಗಳು ಬಾಡಿಗೆ ಬರಲಿಲ್ಲ, ಪೋಸ್ಟ್‌ಮನ್ ಬಂದ.

“ಮನಿಯಾರ್ಡರ್ ಬಂದೈತೆ ತಾಯಿ, ಸೈನ್ ಹಾಕಿ. ಸೈನ್ ಮಾಡಿದ್ ಚೀಟಿ ಕಳಿಸ್ದೋರ್ಗೆ ವಾಪಸ್ ಹೋಗ್ಬೇಕು.”

“ನಮಗ್ಯಾರಪ್ಪ ದುಡ್ಡು ಕಳಿಸೋರು?”

“ನಿಮ್ ಹಿತ್ತಲೋರೇ ಕಣಮ್ಮ. ಅಗೋ, ಅಲ್ಲಿ ಬಟ್ಟೆ ಒಣಗಾಕ್ತಾವ್ರಲ್ಲ.”

ಆ ಹೆಂಗಸು ಸೀರೆಯ ಹಿಂದೆ ಮರೆಯಾದರು. ಅಮ್ಮ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, “ನಾನು ಸೈನ್ ಹಾಕಲ್ಲ, ವಾಪಸ್ ತಗೊಂಡ್ಹೋಗು” ಎಂದಳು.

“ಆಗ್ಲಿ. ತಗೊಳ್ಲಿಲ್ಲ ಅಂತ ಬರ್ದು ಅವ್ರಿಗೇ ಕೊಡ್ತೀನಿ. ಅದೂ ಒಂದು ಕಾಗ್ದಾನೇ ತಾಯಿ.”

ಅಮ್ಮ ಅವನನ್ನೂ ಅನುಮಾನದಿಂದ ನೋಡಿದಳು. ಇವನೂ ಅವರ ಕಡೆಯವನೇ ಇರಬೇಕು. ಕೊನೆಗೆ ಸೈನ್ ಹಾಕಿದಳು, ಹೆಸರಿನ ಅಕ್ಷರಗಳು ಒಂದಕ್ಕೊಂದು ತಾಗದಷ್ಟು ದೂರ ದೂರ.

ಆಮೇಲೆ ಎರಡು ಮನೆಗಳ ನಡುವೆ ಹೆಪ್ಪಿನ ಮೊಸರು ಓಡಾಡಿತು, ಕೊತ್ತಂಬರಿ ಓಡಾಡಿತು, ದುಡ್ಡು ಮಾತ್ರ ಪೋಸ್ಟಿನಲ್ಲೇ ಬಂತು. ಮಳೆಗಾಲದಲ್ಲಿ ಮನೆ ಸೋರುತ್ತಿದೆ ಎಂದು ಅವರು ಹೇಳಿಕಳಿಸಿದಾಗ ಅಮ್ಮ, “ಇದೂ ಕೋರ್ಟಿಗೇ ಇರ್ಬೇಕು” ಎಂದು, ಸುಳ್ಳು ಹಿಡಿಯಲೆಂದೇ ಗೋಣಿಕೊಪ್ಪೆ ಹೊದ್ದು ಹೋದಳು. ನಾನೂ ಹಿಂದೆ ಹೋದೆ. ನಡುಮನೆಯ ತುಂಬ ಪಾತ್ರೆಗಳಿದ್ದವು. ಎಲ್ಲದರಲ್ಲೂ ನೀರು ತೊಟ್ಟಿಕ್ಕುತ್ತಿತ್ತು. ಆ ಹೆಂಗಸು ಒಣಗಿದ್ದ ಒಂದೇ ಮೂಲೆಯಲ್ಲಿ ದಿನ ತುಂಬಿದ ಹೊಟ್ಟೆ ಹಿಡಿದು ಕೂತಿದ್ದರು. ಅಮ್ಮ ತುಂಬಿದ ಒಂದು ಪಾತ್ರೆಯ ನೀರು ಹೊರಗೆ ಚೆಲ್ಲಿ ಮತ್ತೆ ಅಲ್ಲೇ ಇಟ್ಟಳು. ಮಳೆ ಬಿಟ್ಟ ತಕ್ಷಣ ಹೆಂಚಿನವನನ್ನು ಕರೆಸಿದಳು. ಆ ತಿಂಗಳ ಬಾಡಿಗೆಯೆಲ್ಲ ಹೆಂಚಿಗೇ ಹೋಯಿತು.

ಮಗುವಿನ ನಾಮಕರಣ ಕಳೆದ ಮೇಲೆ ಅಮ್ಮ ಫಿಟ್ಟರನ್ನು ಕರೆದು, “ಆ ಕಮಿಷನ್ ಪೋಸ್ಟಿನೋರಿಗೆ ಯಾಕೆ ಸುರೀತೀರಿ? ಕೈಗೇ ಕೊಡಿ, ರಸೀದಿ ಬರೆಸಿಕೊಡ್ತೀನಿ” ಎಂದಳು. ಅವಳ ಬಾಯಿಂದ ಆ ಮಾತು ಬಂದದ್ದಕ್ಕೆ ಅಪ್ಪ ಪೇಪರು ಕೆಳಗಿಳಿಸಿ ನೋಡಿದರು.

ಫಿಟ್ಟರು ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಸರಿದರು. “ಬೇಡಮ್ಮಾ. ಪೋಸ್ಟಿನಲ್ಲೇ ಬರ್ಲಿ. ಅಭ್ಯಾಸ ಆಗ್ಬಿಟ್ಟಿದೆ.”

“ಕೇಳಿದ್ರಾ? ರಸೀದಿ ಕೊಡ್ತೀನಿ ಅಂದ್ರೂ ಬೇಡ್ವಂತೆ! ಏನೋ ಇದೆ ಇದ್ರಲ್ಲಿ” ಎಂದು ಅಮ್ಮ ಅವತ್ತಿಡೀ ಗೊಣಗಿದಳು. ನನಗೆ ಈಗ ಅನ್ನಿಸುವುದು, ಅಲ್ಲಿ ಬಾವಿಯ ಆಚೆಗೂ ಅದೇ ಮಾತು ನಡೆದಿರಬೇಕು: ಇಷ್ಟು ದಿನ ಇಲ್ಲದ್ದು ಈಗ್ಯಾಕೆ ಕೊಡ್ತಾರೆ?

ಮೂರನೆಯ ವರ್ಷ ಅವರಿಗೆ ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕಿತು. ಯಾರೂ ಬಿಡಿ ಎನ್ನದೆ ತಾವೇ ಬಿಟ್ಟರು. ಅವರ ಸಾಮಾನಿನ ಎತ್ತಿನ ಗಾಡಿ ಬೀದಿ ತಿರುಗಿದ ಮೇಲೆ ಅಮ್ಮ ಖಾಲಿ ಮನೆಯಲ್ಲಿ ಗೋಡೆ ಗೋಡೆ ಮುಟ್ಟಿ ನೋಡಿದಳು. ನಮ್ಮ ಮೊಳೆಗಳೆಲ್ಲ ಇದ್ದವು. ಅವರು ಹೊಡೆದ ಒಂದು ಕಪಾಟಿನ ಹಲಗೆ ಹೆಚ್ಚಾಗಿತ್ತು. ಇದನ್ನು ಯಾಕೆ ಬಿಟ್ಟುಹೋದರು ಎಂಬುದೇ ಅವಳ ಸಂಶಯ.

ಎರಡು ದಿನ ಬಿಟ್ಟು ಪೋಸ್ಟ್‌ಮನ್ ಬಂದ. ಕೊನೆಯ ತಿಂಗಳ ಬಾಡಿಗೆ ತಂದಿದ್ದ.

“ಬಿಟ್ಟು ಹೋದ ಮೇಲೂ ಬಾಡಿಗೆನಾ? ಈಗ ಸೈನ್ ಹಾಕಿದ್ರೆ ಇನ್ನೂ ಅವ್ರೇ ಇದಾರೆ ಅಂತಾಗುತ್ತೆ!”

“ಕಳೆದ ತಿಂಗಳ್ದು ತಾಯಿ. ಇಲ್ಲೇ ಬರ್ದವ್ರಲ್ಲ.”

“ಬರೆಯೋರು ಏನ್ ಬೇಕಾದ್ರೂ ಬರೀತಾರೆ. ಕೂತ್ಕೋ, ಕಾಫಿ ಕುಡಿ.”

ಅವನನ್ನು ಜಗಲಿಯ ಮೇಲೆ ಕೂರಿಸಿ, ನನ್ನನ್ನು ಅಂಗಡಿಗೆ ಓಡಿಸಿ ಹೊಸ ಬೀಗ ತರಿಸಿದಳು. ಹಿತ್ತಲಿನ ಬಾಗಿಲಿಗೆ ತಾನೇ ಅದನ್ನು ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ಪೆನ್ನು ಕೊಡು ಎಂದು ಕೈ ಚಾಚಿದಳು.