ಮಹಡಿಯ ಮಿಸ್ ಕಾಯುತ್ತಿದ್ದ ಸಂಜೆ

ಹೆಬ್ಬೆರಳಿನಷ್ಟು ಬೆಲ್ಲ, ಪಕ್ಕದಲ್ಲಿ ಹಾಲಿಲ್ಲದ ಟೀ. ಶಿವನಿ ಸ್ಟೇಷನ್ನಿನ ಬೆಂಚಿನಲ್ಲಿ ಮುದುಕರೊಬ್ಬರು ಬೆಲ್ಲ ಕಚ್ಚಿಕೊಂಡು ಟೀ ಕುಡಿಯುತ್ತಿದ್ದರು. ಆ ವಾಸನೆಗೆ ನನಗೆ ಮಹಡಿಯ ಮಿಸ್ ನೆನಪಾದರು.

ಅವರೂ ಹೀಗೇ ಬೆಲ್ಲ ಕಚ್ಚಿಕೊಂಡು ಟೀ ಕುಡಿಯುತ್ತಿದ್ದರು. ಕಡೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಮಿಜೋರಾಂನವರು, ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಸಂಜೆ ತಮ್ಮ ಭಾಷೆಯಲ್ಲಿ ಪದ್ಯ ಬರೆಯುತ್ತಿದ್ದರು. ಅಕ್ಷರ ಇಂಗ್ಲಿಷಿನವೇ. ನಾನು ತಡವರಿಸಿ ಓದಿದರೆ ನಗುತ್ತಿದ್ದರು. ಅರ್ಥ ಕೇಳಿದರೆ "ಮಳೆ ಬಗ್ಗೆ" ಎಂದಷ್ಟೇ ಹೇಳುತ್ತಿದ್ದರು. ಎಲ್ಲವೂ ಮಳೆಯ ಬಗ್ಗೆಯೇ ಇದ್ದವೋ ಏನೋ...

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರ ತಾಯಿ ತೀರಿಕೊಂಡರು. ಅವತ್ತೇ ಹೊರಟರೂ ಮಣ್ಣು ಮಾಡುವ ಹೊತ್ತಿಗೆ ಮುಟ್ಟುವಂತಿರಲಿಲ್ಲ. "ಪಾಪ, ಒಬ್ರೇ ಅತ್ಕೊಂಡು ಹಗುರಾಗ್ಲಿ. ಮೇಲೆ ಹೋಗ್ಬೇಡ ಕಣೇ," ಎಂದಳು ಅಮ್ಮ. ಸಾವಿನ ಮನೆಗೆ ಹೋಗಿ ಕೂರುವುದು ನಮ್ಮಲ್ಲೂ ಉಂಟು. ಹೆಣ ಎಲ್ಲೋ ದೂರದಲ್ಲಿರುವಾಗ ಏನು ಮಾಡಬೇಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದಿಂದ ಮೇಲೆ ಏನನ್ನೋ ಎಳೆಯುವ ಸದ್ದು. ಸದ್ದು ನಿಂತಾಗ ಇನ್ನೂ ಭಯವಾಯಿತು. ಮಿಸ್ ಏನಾದರೂ ಮಾಡಿಕೊಂಡರೆ... ತಡೆಯಲಾರದೆ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದಿತ್ತು. ಮಂಚವನ್ನು ಗೋಡೆಗೆ ಒತ್ತರಿಸಿ, ನೆಲದ ತುಂಬ ಚಾಪೆ ಹಾಸಿದ್ದರು. ಮಿಸ್ ಮೂಲೆಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದರು.

"ನಮ್ಮ ಊರಲ್ಲಿ ಎಲ್ಲಾ ಜನ ಬರ್ತಾರೆ. ಕೂತು ಹಾಡ್ತಾರೆ," ಎಂದರು. "ಇಲ್ಲಿ ಬರಲ್ಲ, ಅಲ್ವಾ?"

ಓಡಿಬಂದು ಅಮ್ಮನಿಗೆ ಹೇಳಿದೆ. ಅಮ್ಮ ಒಲೆ ಆರಿಸಿ ಪಕ್ಕದ ಮನೆಯ ಅತ್ತೆಯನ್ನು ಕೂಗಿದಳು.

"ಸಾವಿಗೆ ಏನ್ ಹಾಡೋದೇ? ಸೋಬಾನೆ ಹಾಡಕ್ಕಾಯ್ತದಾ?" ಅತ್ತೆ ಗೊಣಗಿದರು.

"ಬೀಸೋ ಪದ ಹಾಡು. ನಿನ್ ಗಂಟ್ಲೂ ಬೀಸೋಕಲ್ಲಿದ್ದಂಗೇ ಐತೆ, ಬಾ ಕಣೇ."

ಮೇಲೆ ಹೋಗಿ ಕೂತ ಮೇಲೆ ಇಬ್ಬರಿಗೂ ಬಾಯಿ ಬರಲಿಲ್ಲ. ಹಾಡದೇ ಎದ್ದುಬಿಟ್ಟರೆ ಎಂದು ನಾನು ಬಾಗಿಲಿಗೆ ಅಡ್ಡವಾಗಿ ಕೂತೆ. ಕೊನೆಗೆ ಅತ್ತೆ ತವರಿನ ಮೇಲಿನ ಪದವೊಂದನ್ನು ಎತ್ತಿದರು. ಅಮ್ಮ ನಡುವೆ ಸಾಲು ಮರೆತಳು. ಮಿಸ್ ಆಗ ಅತ್ತರು... ಗಟ್ಟಿಯಾಗಿ, ಆ ದಿನ ಮೊದಲ ಸಲ.

ಮರುವರ್ಷ ಅವರು ಊರಿಗೆ ಮರಳಿದರು. ನಾನೀಗ ತರೀಕೆರೆಯಲ್ಲಿ ಕೆಲಸದಲ್ಲಿದ್ದೇನೆ. ಸ್ಟೇಷನ್ನಿನಿಂದ ಬಂದವಳೇ ಅವರ ಹಳೆಯ ನಂಬರಿಗೆ ಮೆಸೇಜು ಹಾಕಿದೆ. ಯಾರೋ ಓದಿದ ಗುರುತು ಬಿತ್ತು, ಉತ್ತರ ಬರಲಿಲ್ಲ. ಫೋನು ಕೆಳಗಿಡಲಾಗಲಿಲ್ಲ. ಸಂಜೆ ಅದೇ ನಂಬರಿನಿಂದ ಅವರ ತಂಗಿಯ ಮಗಳು ಬರೆದಳು: ದೊಡ್ಡಮ್ಮ ಹೋದ ತಿಂಗಳು ತೀರಿಕೊಂಡರು.

ಆ ಪದ್ಯಗಳ ಅರ್ಥವನ್ನು ಇನ್ನು ಅವರ ಬಾಯಲ್ಲಿ ಕೇಳುವಂತಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಕಡೂರಿಗೆ ಹೋದೆ. ಅಮ್ಮ ಅಂಗಳ ಗುಡಿಸುತ್ತಿದ್ದಳು. ಅವಳ ಕೈಯಿಂದ ಪೊರಕೆ ತೆಗೆದುಕೊಂಡು, ಮೊದಲು ಕೂರಲು ಹೇಳಿದೆ.