ಹಾಸಿಗೆಯ ದಿನದ ದರ

ಗಂಗಾವತಿಯ ಒಂದು ಮಾನಸಿಕ ಆಸ್ಪತ್ರೆಯಲ್ಲಿ ನಾನು ಸರ್ಕಾರಿ ಆರೋಗ್ಯ ಯೋಜನೆಯ ಕೆಲಸ ನೋಡಿಕೊಳ್ಳುತ್ತೇನೆ. ಕುಷ್ಟಗಿಯಲ್ಲಿರುವ ನನ್ನ ಅವ್ವನಿಗೆ ಇದು ಎಂಥ ಕೆಲಸವೆಂದು ಇಂದಿಗೂ ತಿಳಿದಿಲ್ಲ. ಯಾರಾದರೂ ಕೇಳಿದರೆ, “ನಮ್ಮಾಕಿ ದವಾಖಾನ್ಯಾಗ ಕುಂತು ಸರ್ಕಾರದ ಕೂಡ ಜಗಳಾ ಮಾಡ್ತಾಳ” ಎನ್ನುತ್ತಾಳೆ. ಪೂರ್ತಿ ಸುಳ್ಳೇನಲ್ಲ. ಯೋಜನೆಯ ಕಾರ್ಡು ಇದ್ದವರು ನಮ್ಮಲ್ಲಿ ದಾಖಲಾದರೆ ಸರ್ಕಾರ ದಿನಕ್ಕಿಷ್ಟು ಎಂದು ಆಸ್ಪತ್ರೆಗೆ ಕೊಡುತ್ತದೆ. ಹಾಸಿಗೆ, ಊಟ, ಔಷಧಿ, ನರ್ಸು, ಡಾಕ್ಟರು ಎಲ್ಲವೂ ಆ ಒಂದೇ ದರದೊಳಗೆ ಮುಗಿಯಬೇಕು. ಆ ದರ ಒಮ್ಮೆ ಕೂತಿತೆಂದರೆ ಬೇಗ ಏಳುವುದಿಲ್ಲ.

ಒಂದು ಸಲ ಅದನ್ನು ಪರಿಷ್ಕರಿಸುವ ಮಾತು ಎದ್ದಿತ್ತು. ನಿಜವಾದ ಖರ್ಚು ಎಷ್ಟೆಂದು ತಿಳಿಯಲು ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ಅದೇ ದಿನಗಳಲ್ಲಿ ನಮ್ಮ ವಾರ್ಡಿನಲ್ಲಿ ಒಬ್ಬ ದಲಾಲಿ ಇದ್ದರು. ನವಲಿ ಕಡೆಯ ರೈತರ ಭತ್ತದ ಸ್ಯಾಂಪಲ್ಲನ್ನು ಮಿಲ್ಲುಗಳಿಗೆ ತೋರಿಸಿ ವ್ಯಾಪಾರ ಕುದುರಿಸುವ ಸಣ್ಣ ದಲಾಲಿ. ದಿನಗಟ್ಟಲೆ ನಿದ್ದೆಯಿಲ್ಲದೆ, ಗಂಗಾವತಿಯ ಅಷ್ಟೂ ಭತ್ತವನ್ನು ತಾನೊಬ್ಬನೇ ಕೊಳ್ಳುತ್ತೇನೆಂದು ಮಿಲ್ಲಿನಿಂದ ಮಿಲ್ಲಿಗೆ ಓಡಾಡುತ್ತಿದ್ದವರನ್ನು ಅವರ ಹೆಂಡತಿ ಕರೆತಂದಿದ್ದರು. ಮೊದಮೊದಲು ಅವರನ್ನು ಒಂದು ಕಡೆ ಕೂಡಿಸಲು ವಾರ್ಡಿನವರೆಲ್ಲ ಪಾಳಿ ಹಚ್ಚಬೇಕಾಯಿತು. ಔಷಧಿ ಹಿಡಿದು ನಿದ್ದೆ ಬರತೊಡಗಿದ ಮೇಲೆ ಮನುಷ್ಯ ಎಷ್ಟು ಛಲೋ ಆದರೆಂದರೆ, ಹೊತ್ತು ಹೋಗದೆ ನನ್ನ ಮೇಜಿನ ಎದುರು ಬಂದು ಕೂರುತ್ತಿದ್ದರು.

“ಅಕ್ಕಾರ, ನನ್ನ ರೇಟು ಎಷ್ಟು ನಡದೈತ್ರಿ?” ಎಂದು ಒಂದು ದಿನ ಕೇಳಿದರು. ಹೇಳಿದೆ. “ಯಾವಾಗ ಕಟ್ಟಿದ ರೇಟು?” ಅದನ್ನೂ ಹೇಳಿದೆ. “ಭತ್ತದ ರೇಟು ಚಹಾ ಕುಡಿಯೂದ್ರಾಗ ಬದಲಾಗತೈತಿ. ನಂದು ಹಂಗ ಕುಂತೈತಲ್ರಿ” ಎಂದರು. ಅವರ ದನಿಯಲ್ಲಿ ನಿಜವಾದ ನೋವಿತ್ತು.

ಅಧಿಕಾರಿ ಬಂದಾಗ ಡಾಕ್ಟರು ಹೊರರೋಗಿಗಳನ್ನು ನೋಡುತ್ತಿದ್ದರು. ನಾನು ಅಧಿಕಾರಿಯನ್ನು ವರಾಂಡದಲ್ಲಿ ಕೂಡಿಸಿ, ಚಹಾಕ್ಕೆ ಹೇಳಿ, ಫೈಲು ತರಲು ಮಹಡಿಗೆ ಹೋದೆ. ಇಳಿದು ಬಂದರೆ ನಮ್ಮ ದಲಾಲಿ ಸ್ವಚ್ಛ ಬಿಳಿ ಅಂಗಿ, ಧೋತರದಲ್ಲಿ ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿದ್ದರು. ಅಧಿಕಾರಿ ಅವರನ್ನು “ನೀವು ಮ್ಯಾನೇಜ್‌ಮೆಂಟಿನವರು ಏನು ಹೇಳ್ತೀರಿ?” ಎಂದು ಕೇಳುತ್ತಿದ್ದರು. ಫೈಲು ಹಿಡಿದು ನಾನು ಅಲ್ಲೇ ನಿಂತೆ. ನಡುವೆ ಬಾಯಿ ಹಾಕಲು ಧೈರ್ಯವಾಗಲಿಲ್ಲ. ಕೇಳುವ ಆಸೆಯೂ ಇತ್ತೆನ್ನಿ.

“ಸಾಹೇಬ್ರ, ಹಸಿ ಭತ್ತಕ್ಕೂ ಒಣಗಿದ ಭತ್ತಕ್ಕೂ ಯಾರರ ಒಂದ ರೇಟು ಹಚ್ತಾರೇನ್ರಿ? ಪೇಷಂಟ್ ಬಂದ ದಿನ ಹಿಡಿಯಾಕ ನಾಕು ಮಂದಿ ಬೇಕು. ವಾಪಸ್ ಹೋಗು ಹೊತ್ತಿಗೆ ಅವನೇ ಎಲ್ಲಾರಿಗೂ ಚಹಾ ಕೊಡ್ತಿರ್ತಾನ. ಎರಡೂ ದಿನಕ್ಕ ಒಂದ ರೇಟು ಅಂದ್ರ ಹೆಂಗ? ಮೊದಲಿನ ದಿನಕ್ಕ ಜಾಸ್ತಿ ಹಚ್ರಿ.”

ಅಧಿಕಾರಿ ನಕ್ಕರು. “ಹಾಗೆ ಮಾಡಿದರೆ ನೀವು ರೋಗಿಯನ್ನ ಬೇಗ ಮನೆಗೆ ಕಳಿಸಿ, ಮತ್ತೆ ಹೊಸದಾಗಿ ಸೇರಿಸ್ಕೊಳ್ತೀರಿ. ಪ್ರತಿ ಸಲವೂ ಮೊದಲ ದಿನವೇ ಆಗತ್ತೆ.”

ದಲಾಲಿ ತಲೆ ಕೆರೆದುಕೊಂಡರು. “ಹೌದ್ರಿ. ನಾ ಇದ್ರೂ ಹಂಗ ಮಾಡ್ತಿದ್ದೆ” ಎಂದು ಒಪ್ಪಿಕೊಂಡರು. “ಹಂಗಾರ ಬಿಟ್ಟು ಹೋಗಿ ನಾಕ ದಿನದಾಗ ತಿರುಗಿ ಬಂದ್ರ, ಅದನ್ನ ಹಳೇ ವ್ಯಾಪಾರ ಅಂತ ಹಿಡೀರಿ, ಮೊದಲಿನ ದಿನದ ರೇಟು ಕೊಡಬ್ಯಾಡ್ರಿ.”

ಅಧಿಕಾರಿ ಪೆನ್ನು ತೆಗೆದರು. ಅಷ್ಟರಲ್ಲಿ ದಲಾಲಿಯ ಹೆಂಡತಿ ನೀರಿನ ಲೋಟ, ಗುಳಿಗೆ ಹಿಡಿದು ಬಂದರು. “ನೀವು ಇಲ್ಲಿ ಅದೀರೇನು? ಗುಳಿಗಿ ತೊಗೊಳ್ರಿ” ಎಂದವರು ಅಧಿಕಾರಿಯ ಕಡೆ ತಿರುಗಿ, “ಇವ್ರು ಪೇಷಂಟ್ ಅದಾರ್ರಿ ಸಾಹೇಬ್ರ. ಮಾತು ಭಾಳ. ಬ್ಯಾಸರಾ ಮಾಡ್ಕೊಬ್ಯಾಡ್ರಿ” ಎಂದರು.

ಅಧಿಕಾರಿಯ ಕೈಯ ಚಹಾ ಬಾಯಿಯವರೆಗೆ ಹೋಗಲಿಲ್ಲ. ದಲಾಲಿ ಮುಖದಲ್ಲಿ ಏನೂ ತೋರದೆ ಗುಳಿಗೆ ನುಂಗಿದರು. ನಾನು ನೆಲ ನೋಡಿದೆ. ಕೊನೆಗೆ ಅಧಿಕಾರಿ, “ಇಷ್ಟು ದಿನ ಹಣ ತಗೊಳ್ಳೋರನ್ನೇ ಕೇಳ್ತಾ ಬಂದೆ. ಮಂಚದ ಮೇಲೆ ಮಲಗಿದೋರು ಸಿಕ್ಕಿದ್ದು ಇದೇ ಮೊದಲು” ಎಂದು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಡಾಕ್ಟರು ಬರುವವರೆಗೂ ಇಬ್ಬರೂ ಮಾತಾಡಿದರು. ಫೈಲು ನನ್ನ ಕೈಯಲ್ಲೇ ಉಳಿಯಿತು.

ಹೊಸ ದರ ಬರಲು ಬಹಳ ಕಾಲ ಹಿಡಿಯಿತು. ತುಸು ಏರಿತ್ತು, ಅಷ್ಟೆ. ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಅದೇ ಒಂದು ದರ. ನನಗೆ ಬೇಜಾರಾಯಿತು. ಆಗಲೇ ಆರಾಮಾಗಿ ಊರಿಗೆ ಹೋಗಿದ್ದ ದಲಾಲಿಗೆ ಫೋನು ಮಾಡಿ ಹೇಳಿದೆ. ಹಿಂದೆ ಲಾರಿಗಳ ಸದ್ದು ಕೇಳುತ್ತಿತ್ತು.

“ಇಳಿದಿಲ್ಲಲ್ರಿ?” ಎಂದರು. “ಬಿಡ್ರಿ ಅಕ್ಕಾರ. ಮೊದಲನೇ ಮಾತಿಗೆ ಯಾವ ಸಾವುಕಾರ ಪೂರಾ ಕೊಡ್ತಾನ?”

ಮುಂದಿನ ಮಂಗಳವಾರ ಹುಲಿಗಿಯ ಅಮ್ಮನ ಗುಡಿಗೆ ಹೋಗಿ ಬರುವಾಗ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಬಂದರು. ಹೆಂಡತಿ ವಾರ್ಡಿನವರಿಗೆಲ್ಲ ಪ್ರಸಾದ ಹಂಚಿದರು. ದಲಾಲಿ ಮಾತ್ರ ಒಳಗೆ ಹೋಗದೆ ಹೊರಗೇ ನಿಂತು, ಆಗಷ್ಟೇ ಅಣ್ಣನನ್ನು ಸೇರಿಸಿ ಅಳುತ್ತಿದ್ದ ಯಲಬುರ್ಗಾದ ಹೆಣ್ಣುಮಗಳೊಬ್ಬಳಿಗೆ, “ಅಳಬ್ಯಾಡವಾ, ನಿದ್ದಿ ಹತ್ತಿದ್ರ ಆರಾಮ ಆಗ್ತಾನ” ಎಂದು ಹೇಳುತ್ತಿದ್ದರು.