ಲೇನಿಯ ಬಾಗಿಲು, ನಿಲ್ದೊನ ಬೆಂಡೆಕಾಯಿ

ಎಡಿಲೇನಿಯನ್ನು ಬಾಹಿಯಾ ಸೀಮೆಯ ಕಮಸರಿ ಊರಿನಲ್ಲಿ ಎಲ್ಲರೂ ಕರೆಯುವುದು ‘ಬಾಗಿಲು ಲೇನಿ’ ಎಂದು. ಹೆಸರು ಬಂದದ್ದು ಅಮೆರಿಕದ ಕಂಪನಿಯ ಕಾಲದಲ್ಲಿ. ಊರಾಚೆಯ ಆ ದೊಡ್ಡ ಕಾರ್ಖಾನೆಯಲ್ಲಿ ಕಾರುಗಳಿಗೆ ಬಾಗಿಲು ಕೂರಿಸುವ ಸಾಲಿನಲ್ಲಿ ಅವಳು ನಿಂತಾಗ ಇನ್ನೂ ಮದುವೆಯಾಗಿರಲಿಲ್ಲ. ಬಣ್ಣದ ವಿಭಾಗದ ನಿಲ್ದೊ ಊಟದ ಹೊತ್ತಿಗೆ ಬೇಕೆಂದೇ ಅವಳ ಸಾಲಿನ ಪಕ್ಕ ಹಾದುಹೋಗುತ್ತಿದ್ದ.

“ನಾನು ಬಣ್ಣ ಹೊಡೆದ ಬಾಗಿಲು ಅದು. ಮೆಲ್ಲಗೆ ಮುಟ್ಟು, ಗೀರು ಬಿದ್ದೀತು.”

“ಬಿದ್ರೆ ನೀನೇ ಬಂದು ಹೊಡಿ. ಅದಕ್ಕೆ ತಾನೆ ನಿನಗೆ ಸಂಬಳ?”

ಹೀಗೆ ಗೀರಿನ ನೆಪದಲ್ಲಿ ಶುರುವಾದ ಮಾತು ಮದುವೆಗೆ ಬಂತು. ಇಗೊರ್, ಇಯಾನ್ ಎಂಬ ಅವಳಿ ಗಂಡುಮಕ್ಕಳೂ ಆದವು. ಮಕ್ಕಳಿನ್ನೂ ಎದೆಹಾಲು ಬಿಟ್ಟಿರಲಿಲ್ಲ, ಒಂದು ಸೋಮವಾರ ಮಧ್ಯಾಹ್ನ ಸುದ್ದಿ ಬಂತು: ಕಂಪನಿ ಇನ್ನು ಇಲ್ಲಿ ಕಾರು ಮಾಡುವುದಿಲ್ಲ. ಕೇರಿಯಲ್ಲಿ ಯಾರ ಮನೆಯ ಟಿವಿಯೂ ಆ ಸಂಜೆ ಆರಲಿಲ್ಲ. ಲೇನಿ ಮಾತ್ರ ಹಳೇ ಬೆಡ್‌ಶೀಟ್ ಹರಿದು, ಚೌಕಾಕಾರ ಮಡಚಿ, ಮಕ್ಕಳಿಗೆ ಹಗಲಿಗೆ ಬಟ್ಟೆ, ರಾತ್ರಿಗೆ ಮಾತ್ರ ಡೈಪರ್ ಎಂದು ತೀರ್ಮಾನ ಮಾಡಿದಳು. ಅಳುವುದನ್ನು ಆಮೇಲೆ, ಮಕ್ಕಳು ಮಲಗಿದ ಮೇಲೆ ಇಟ್ಟುಕೊಂಡಳು. ಅಷ್ಟು ಹೊತ್ತಿಗೆ ಅವಳಿಗೂ ನಿದ್ದೆ ಬಂದುಬಿಟ್ಟಿತ್ತು.

ನಿಲ್ದೊ ಮನೆಯ ಮುಂದಿನ ಜಗಲಿಯಲ್ಲೇ ಅಂಗಡಿ ಇಟ್ಟ. ತುಕ್ಕು ಹಿಡಿದ ಫ್ರಿಜ್ಜು, ಗೇಟು, ಸೈಕಲ್ಲು, ಯಾರು ಏನು ತಂದರೂ ಹೊಸ ಬಣ್ಣ. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಫ್ರಿಜ್ಜಿಗೆ ಬಣ್ಣ ಹೊಡೆಯುವ ಮನುಷ್ಯ ಮುಗಿಸಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆಮಾಡಿ ನೋಡುವುದಿಲ್ಲ. ಕಾರ್ಖಾನೆಯಲ್ಲಿ ನಿಲ್ದೊ ಹಾಗೆ ನೋಡುತ್ತಿದ್ದ. ಲೇನಿ ಮೆಚ್ಚಿದ್ದು ಆ ಓರೆ ತಲೆಯನ್ನೇ. ಈಗ ಅವನು ಹಾಗೆ ನೋಡುತ್ತಿದ್ದದ್ದು ಭಾನುವಾರಗಳಲ್ಲಿ ಮಾತ್ರ, ಮೊರೇನಾಳನ್ನು ತೊಳೆದ ಮೇಲೆ. ಮೊರೇನಾ ಎಂದರೆ ಅವನ ಕೆಂಪು ಕಾರು. ಅಮೆರಿಕದ ಕಂಪನಿಯದು, ಅವನದೇ ಕೈಯ ಬಣ್ಣ. ಅದು ಸ್ಟಾರ್ಟ್ ಆದರೆ ಬೀದಿಯ ನಾಯಿಗಳೆಲ್ಲ ಎದ್ದು ದಾರಿ ಬಿಡುತ್ತಿದ್ದವು.

ಕೆಲವು ವರ್ಷ ಕಳೆದು ಅದೇ ಗೇಟಿನೊಳಗೆ ಚೀನಾದವರು ಬಂದರು. ಬ್ಯಾಟರಿ ಕಾರು, ಕೈಗೆಟುಕುವ ಬೆಲೆ. ಬಾಗಿಲ ಸಾಲಿಗೆ ಜನ ಬೇಕು ಎಂದಾಗ ಲೇನಿ ಮೊದಲ ದಿನವೇ ಹೋಗಿ ನಿಂತಳು. ನಿಲ್ದೊ ಹೋಗಲಿಲ್ಲ.

“ಬಿಟ್ಟುಹೋಗೋರ ಜೊತೆ ಒಂದ್ಸಲ ಸಂಸಾರ ಮಾಡಿ ಆಯ್ತು,” ಎಂದ. “ಇವರೂ ಒಂದಿನ ಗಂಟುಮೂಟೆ ಕಟ್ತಾರೆ. ನೋಡ್ತಾ ಇರು.”

“ಕಟ್ಟೋವರೆಗಾದ್ರೂ ದುಡೀಬಹುದಲ್ಲ ಮಾರಾಯ.”

“ನೀನು ದುಡಿ. ನಾನು ಆ ಆಟಿಕೆಗೆ ಬಣ್ಣ ಹೊಡೆಯಲ್ಲ. ಅಮೆರಿಕದವರು ತಮ್ಮ ದೇಶದೊಳಕ್ಕೇ ಬಿಟ್ಕೊಳ್ತಿಲ್ಲವಂತೆ ಇದನ್ನ.”

“ಯಾಕೆ ಬಿಟ್ಕೊಳ್ತಿಲ್ಲ ಅಂತ ಒಂದು ಚೂರು ಯೋಚನೆ ಮಾಡು,” ಎಂದಳು ಅತ್ತೆ ಜಾಂದಿರಾ, ಒಳಗಿನಿಂದ. “ಕುಂಟ ಕುದುರೆಗೆ ಯಾರಾದ್ರೂ ಬೇಲಿ ಹಾಕ್ತಾರಾ?”

ಲೇನಿಗೆ ಬೇಕಿದ್ದದ್ದು ಒಂದೇ. ನಿಲ್ದೊ ಆ ಗೇಟಿನೊಳಗೆ ಮತ್ತೆ ಕಾಲಿಡಬೇಕು. ಸಂಬಳಕ್ಕಿಂತ ಹೆಚ್ಚಾಗಿ, ಆ ಓರೆ ತಲೆಗಾಗಿ.

ಬಾಹಿಯಾದಲ್ಲಿ ಅವಳಿ ಮಕ್ಕಳ ತಾಯಿಯಾದವಳು ಸೆಪ್ಟೆಂಬರ್ ಇಪ್ಪತ್ತೇಳಕ್ಕೆ, ಅವಳಿ ಸಂತರ ಹಬ್ಬಕ್ಕೆ, ಕರುರು ಊಟ ಹಾಕಲೇಬೇಕು. ಬುಟ್ಟಿಗಟ್ಟಲೆ ಬೆಂಡೆಕಾಯಿಯನ್ನು ಸಣ್ಣಗೆ ಹೆಚ್ಚಿ, ಒಣಸೀಗಡಿ, ಗೋಡಂಬಿ, ಕೆಂಪು ತಾಳೆಎಣ್ಣೆ ಹಾಕಿ ಲೋಳೆಲೋಳೆಯಾಗಿ ಬೇಯಿಸುವುದು. ಮೊದಲು ಏಳು ಹುಡುಗರು ನೆಲದ ಮೇಲೆ ಒಂದೇ ಬೋಗುಣಿಯ ಸುತ್ತ ಕೂತು ಕೈಯಲ್ಲಿ ತಿನ್ನಬೇಕು. ಆಮೇಲೆ ದೊಡ್ಡವರಿಗೆ. ಹೆಚ್ಚುವಾಗ ಏಳು ಕಾಯಿಗಳನ್ನು ಮಾತ್ರ ಇಡಿಯಾಗಿ ಬಿಡುತ್ತಾರೆ. ಇಡೀ ಕಾಯಿ ಯಾರ ತಟ್ಟೆಗೆ ಬಿತ್ತೋ ಅವರು ಮುಂದಿನ ವರ್ಷದ ಕರುರು ಹಾಕಬೇಕು. ಅದಕ್ಕೇ ಎಲ್ಲರೂ ತಿನ್ನುವಾಗ ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಕಣ್ಣು ಪಕ್ಕದವರ ಮೇಲೆ. ಸಿಕ್ಕಿದರೆ ಅನ್ನದ ಕೆಳಗೆ ತಳ್ಳಿ ಮುಖ ಆಚೆ ತಿರುಗಿಸುವುದು ಹಿರಿಯರಿಂದ ಬಂದ ವಿದ್ಯೆ.

ಆ ವರ್ಷ ಲೇನಿ ತನ್ನ ಸಾಲಿನವರನ್ನೆಲ್ಲ ಕರೆದಳು. ಸಾಲಿನ ಮೇಲ್ವಿಚಾರಕ ಪೆಂಗ್ ಕೂಡ ಬಂದ. ನಲವತ್ತರ ಆಸುಪಾಸಿನ ಚೀನಾದವನು, ಸಣಕಲು. ಪೋರ್ಚುಗೀಸ್ ಬಾರದು. ಅವನು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಫೋನು ಪೋರ್ಚುಗೀಸಿನಲ್ಲಿ, ದೂರದರ್ಶನದ ವಾರ್ತೆಯ ಹೆಂಗಸಿನ ದನಿಯಲ್ಲಿ ಹೇಳುತ್ತಿತ್ತು. ಜಾಂದಿರಾ ಆ ಹೆಂಗಸಿಗೂ ಒಂದು ತಟ್ಟೆ ಬಡಿಸಲು ಹೊರಟಳು.

ನಿಲ್ದೊ ಪೆಂಗನ ಪಕ್ಕದಲ್ಲೇ ಕೂತಿದ್ದ. ಎರಡು ತುತ್ತು ತಿಂದಿದ್ದ, ಕೈ ನಿಂತಿತು. ಲೇನಿ ಎದುರಿನಿಂದ ನೋಡಿದಳು. ಗಂಡನ ತಟ್ಟೆಯಲ್ಲಿ ಹಸಿರು ತುದಿ. ಅವನು ಛಾವಣಿ ನೋಡುತ್ತ, ಚಮಚದ ತುದಿಯಿಂದ ಅದನ್ನು ಪಕ್ಕದ ತಟ್ಟೆಗೆ ಸರಿಸಿಬಿಟ್ಟ. ಲೇನಿ ಬಾಯಿ ತೆರೆಯುವಷ್ಟರಲ್ಲಿ ಪೆಂಗ್ ಎದ್ದು ನಿಂತಿದ್ದ. ಇಡೀ ಬೆಂಡೆಕಾಯಿಯನ್ನು ಬೆರಳಲ್ಲಿ ಎತ್ತಿ ಹಿಡಿದು, ಲಾಟರಿ ಹೊಡೆದವನಂತೆ ಎಲ್ಲರಿಗೂ ತೋರಿಸಿದ. ಅವನ ಊರಿನಲ್ಲಿ ಹೊಸವರ್ಷದ ಕಡುಬುಗಳಲ್ಲಿ ಒಂದರೊಳಗೆ ನಾಣ್ಯ ಅಡಗಿಸಿಡುತ್ತಾರಂತೆ, ಸಿಕ್ಕಿದವನಿಗೆ ಅದೃಷ್ಟವಂತೆ. ಇದೂ ಅಂಥದ್ದೇ ಎಂದುಕೊಂಡಿದ್ದ ಪಾಪ.

ಮನೆಯಿಡೀ ನಕ್ಕಿತು. ಜಾಂದಿರಾ ಅವನ ಭುಜ ತಟ್ಟಿ ಕೂರಿಸಿದಳು. “ಸಿಕ್ಕಿಬಿದ್ದೆಯಲ್ಲಪ್ಪ. ಮುಂದಿನ ವರ್ಷದ ಕರುರು ನಿಂದು. ನಿನ್ನ ಕೈಯಾರೆ ಹೆಚ್ಚಬೇಕು.”

ಫೋನಿನ ಹೆಂಗಸು ಅದನ್ನು ಅವನಿಗೆ ಹೇಳಿದಳು. ಪೆಂಗ್ ನಗು ನಿಲ್ಲಿಸಿ ಗಂಭೀರವಾಗಿ ತಲೆಬಾಗಿದ. “ಆಗಲಿ, ನಾನು ಮಾಡುತ್ತೇನೆ,” ಎಂದಳು ಹೆಂಗಸು.

“ಮುಂದಿನ ಸೆಪ್ಟೆಂಬರಿಗೆ ಇವನು ಯಾವ ದೇಶದಲ್ಲಿರ್ತಾನೋ,” ನಿಲ್ದೊ ಕೈ ಒರೆಸಿಕೊಂಡ. “ಇವನು ಇಲ್ಲಿ ಕೂತು ಬೆಂಡೆಕಾಯಿ ಹೆಚ್ಚಿದ್ರೆ, ಅವತ್ತು ನಾನು ಅವರ ಕಾರಲ್ಲಿ ಕೂರ್ತೀನಿ. ಕೆಲಸಕ್ಕೂ ಅರ್ಜಿ ಹಾಕ್ತೀನಿ.”

ತುಂಬಿದ ಮನೆಯಲ್ಲಿ ಆಡಿದ ಮಾತು. ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಯಿತು. ತಟ್ಟೆಯ ಸಂಗತಿ ಮಾತ್ರ ಲೇನಿಯ ಹೊಟ್ಟೆಯೊಳಗೇ ಉಳಿಯಿತು. ಅದನ್ನು ಆವತ್ತೇ ಖರ್ಚು ಮಾಡುವುದು ಅವಳಿಗೆ ದಂಡ ಅನ್ನಿಸಿತು.

ಆ ವರ್ಷ ಅವಳು ಕಂತಿನ ಮೇಲೆ ತಾನೇ ಮಾಡುವ ಕಾರೊಂದನ್ನು ಕೊಂಡಳು. ಪುಟ್ಟದು, ತಿಳಿನೀಲಿ. ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಏರಿನಲ್ಲಿ ಹಿಂದಕ್ಕೆ ಜಾರಿ ಫೇಲಾಗಿ ಮೂರನೇ ಸಲ ಪಾಸಾದಳು. ಮನೆಯಲ್ಲಿ ಹೊಸ ತಕರಾರು ಹುಟ್ಟಿತು. ಕಾರಿಗೆ ಅಡುಗೆಮನೆ ಕಿಟಕಿಯಿಂದ ವೈರು ಎಳೆದು ಚಾರ್ಜ್ ಹಾಕಿದ ಹೊತ್ತಲ್ಲಿ ಜಾಂದಿರಾ ಬಿಸಿನೀರಿನ ಷವರ್ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತಿತ್ತು.

“ನಿನ್ನ ಮಗಳಿಗೆ ಹೊಟ್ಟೆ ತುಂಬಿತೇನೆ?” ಬಚ್ಚಲಿಂದ ಕೂಗುತ್ತಿದ್ದಳು ಅತ್ತೆ, ಮೈಗೆ ಸೋಪು ಹಚ್ಚಿಕೊಂಡು. “ತುಂಬಿದ್ರೆ ನನಗೂ ಒಂಚೂರು ಬಿಸಿನೀರು ಬಿಡು.”

ನಿಲ್ದೊ ಆ ಕಾರಿನ ಸುತ್ತ ಬಳಸಿ ನಡೆಯುತ್ತಿದ್ದ, ನೆಂಟರ ಮನೆಯ ನಾಯಿಯನ್ನು ಬಳಸುವ ಹಾಗೆ.

ಮಾರ್ಚಿನಲ್ಲಿ ಪೆಂಗನಿಗೆ ಬೇರೆ ದೇಶಕ್ಕೆ ವರ್ಗವಾಯಿತು. “ಹೇಳಿದ್ನಲ್ಲ,” ಎಂದ ನಿಲ್ದೊ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಲೇನಿ ಅದನ್ನು ಗಮನಿಸಿದಳು. ಅಂದರೆ ಇವನಿಗೂ ಆಸೆ ಇತ್ತು.

ಹಬ್ಬದ ಬೆಳಿಗ್ಗೆ ಲೇನಿ ಬುಟ್ಟಿ ಬೆಂಡೆಕಾಯಿ ತೊಳೆದು ಬಟ್ಟೆಯ ಮೇಲೆ ಹರಡುತ್ತಿದ್ದಳು. ಒದ್ದೆ ಕಾಯಿ ಹೆಚ್ಚಿದರೆ ಲೋಳೆ ಅಲ್ಲೇ ಬಿಡುತ್ತದೆ. ಫೋನು ಗುಂಯ್ಗುಟ್ಟಿತು. ಪೆಂಗ್. ಸಾಲ್ವಡೋರ್ ವಿಮಾನ ನಿಲ್ದಾಣದಲ್ಲಿ ಇಳಿದಿದ್ದೇನೆ, ರಜೆ ಹಾಕಿ ಬಂದೆ, ಬೆಂಡೆಕಾಯಿ ಹೆಚ್ಚಬೇಡಿ, ಅದು ನನ್ನ ಕೆಲಸ.

ಲೇನಿ ಅದನ್ನು ಗಟ್ಟಿಯಾಗಿ ಓದಿದಳು. ಜಾಂದಿರಾ ಕೈಯಲ್ಲಿದ್ದ ಚಾಕುವನ್ನು ಅಲ್ಲೇ ಇಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ನಿಲ್ದೊ ಮೊರೇನಾಳ ಕೀಲಿ ಹುಡುಕತೊಡಗಿದ.

“ನಾನು ಹೋಗಿ ಕರ್ಕೊಂಡು ಬರ್ತೀನಿ.”

“ಮೊರೇನಾದಲ್ಲಾ? ಹಿಂದಿನ ಸೀಟಿನ ತುಂಬ ಬಣ್ಣದ ಡಬ್ಬ. ಅವನನ್ನ ಎಲ್ಲಿ ಕೂರಿಸ್ತೀಯ, ತಲೆ ಮೇಲಾ?”

“ಇಳಿಸ್ತೀನಿ.”

“ನಿಲ್ದೊ.” ಲೇನಿ ಅಂಗಿಯ ಅಂಚಿಗೇ ಕೈ ಒರೆಸಿಕೊಂಡು ಹತ್ತಿರ ಬಂದಳು. ಅತ್ತೆಗೆ ಕೇಳದಷ್ಟು ಮೆಲ್ಲಗೆ ಹೇಳಿದಳು. “ಹೋದ ವರ್ಷ ಆ ಕಾಯಿ ಮೊದಲು ಯಾರ ತಟ್ಟೆಯಲ್ಲಿತ್ತು ಅಂತ ನಾನು ನೋಡಿದೀನಿ.”

ನಿಲ್ದೊನ ಕಿವಿ ಮೊರೇನಾಳ ಬಣ್ಣಕ್ಕೆ ತಿರುಗಿತು.

“ನಿನ್ನ ಬೆಂಡೆಕಾಯಿ ಹೆಚ್ಚೋಕೆ ಆ ಮನುಷ್ಯ ಸಮುದ್ರ ದಾಟಿ ಬಂದಿದಾನೆ,” ಎಂದಳು. “ನೀನು ಅಂಗಳ ದಾಟು ಸಾಕು.”

ಅವನು ಕೀಲಿಯನ್ನು ಮೊಳೆಗೆ ತೂಗುಹಾಕಿದ. ನೀಲಿ ಕಾರಿನ ಎಡಬದಿಯ ಬಾಗಿಲಿಗೆ ಕೈ ಹಾಕಿ, ಡ್ರೈವರ್ ಸೀಟು ಅದು ಎಂದು ನೆನಪಾಗಿ, ಸುತ್ತುಹಾಕಿ ಬಲಕ್ಕೆ ಹೋಗಿ ಕೂತ. ಬಾಗಿಲು ಎಳೆದುಕೊಂಡ. ದಪ್ಪ ಪುಸ್ತಕ ಮುಚ್ಚಿದಂಥ ಸದ್ದು. ಅವನು ಅದನ್ನು ತೆಗೆದು ಇನ್ನೊಮ್ಮೆ ಹಾಕಿದ.

“ನಿಂದಾ ಇದು?”

“ನನ್ನ ಸಾಲಿಂದು.”

ದಾರಿಯಲ್ಲಿ ಅವನು ತಪ್ಪು ಹುಡುಕಿದ. ಕಿಟಕಿ ಇಳಿಸಿದ, ಏರಿಸಿದ, ಡಬ್ಬಿಯಂಥ ಜಾಗಗಳನ್ನೆಲ್ಲ ತೆರೆದು ನೋಡಿದ. ಮಾತಿಗೆ ಏನೂ ಸಿಗದೆ, “ಸದ್ದೇ ಇಲ್ಲವಲ್ಲೇ, ಬದುಕಿದೆಯಾ ಇದು?” ಎಂದ. ಟೋಲ್ ದಾಟುವಷ್ಟರಲ್ಲಿ ಸೀಟನ್ನು ಹಿಂದಕ್ಕೆ ಸರಿಸಿಕೊಂಡಿದ್ದ.

ಪೆಂಗ್ ನಿಲ್ದಾಣದ ಹೊರಗೆ ಒಂದು ಚೀಲ ಹಿಡಿದು ನಿಂತಿದ್ದ, ಮೊದಲಿಗಿಂತ ಸಣಕಲಾಗಿ. ಚೀಲದೊಳಗೆ ಅವನ ಊರಿನ ಅಗಲ ಕತ್ತಿಯೊಂದು, ಟವೆಲಿನಲ್ಲಿ ಸುತ್ತಿ ಇಟ್ಟಿದ್ದ. ನಿಲ್ದೊ ಅವನ ಎದುರು ನಿಂತು ತಲೆ ಕೆರೆದುಕೊಂಡ. ಫೋನಿನ ಹೆಂಗಸಿನ ಕಿವಿಯಲ್ಲಿ ಎಂಬಂತೆ ಬಗ್ಗಿ ಹೇಳಿದ: “ಆ ಕಾಯಿ ನಂದಾಗಿತ್ತು. ನಿನ್ನ ತಟ್ಟೆಗೆ ತಳ್ಳಿದ್ದು ನಾನು.”

ಪೆಂಗ್ ಕೇಳಿಸಿಕೊಂಡು ಏನೋ ಹೇಳಿದ. “ನೋಡಿದ್ದೆ,” ಎಂದಳು ಹೆಂಗಸು. “ಅದೃಷ್ಟವನ್ನು ಬಿಟ್ಟುಕೊಡುತ್ತಿದ್ದಾನೆ, ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ.”

ಕಾರಿನಲ್ಲೇ ಕೂತಿದ್ದ ಲೇನಿ ನಗು ತಡೆಯಲಾಗದೆ ಸ್ಟೀರಿಂಗಿಗೆ ಹಣೆ ಹಚ್ಚಿದಳು. ಕಾರಿನ ಹಾರ್ನು ಕೂಗಿಬಿಟ್ಟಿತು.

ಮನೆಗೆ ಬಂದ ಮೇಲೆ ಇಬ್ಬರು ಗಂಡಸರೂ ಜಗಲಿಯಲ್ಲಿ ಎದುರುಬದುರು ಕೂತು ಹೆಚ್ಚಿದರು. ಪೆಂಗನ ಕತ್ತಿ ಮಳೆ ಬಿದ್ದ ಹಾಗೆ ಓಡುತ್ತಿತ್ತು. ನಿಲ್ದೊ ಹಿಂದೆ ಬಿದ್ದು, “ಬೆರಳು ಉಳಿಸ್ಕೊ ಮಾರಾಯ, ಬಾಗಿಲಿಗೆ ಬೇಕು” ಎನ್ನುತ್ತಿದ್ದ. ಇಗೊರ್ ಇಯಾನ್ ಸೇರಿ ಏಳು ಹುಡುಗರು ಮೊಣಕೈವರೆಗೂ ಎಣ್ಣೆ ಮಾಡಿಕೊಂಡು ಉಂಡರು. ಆಮೇಲೆ ದೊಡ್ಡವರ ತಟ್ಟೆಗಳು ಬಂದವು. ಲೇನಿ ಬಡಿಸುತ್ತ ಗಂಡನ ತಟ್ಟೆ ನೋಡಿದಳು. ಹಸಿರು ತುದಿ ಮತ್ತೆ ಅಲ್ಲೇ. ಅವಳು ಹಾಕಿದ್ದಲ್ಲ, ಆಣೆ ಮಾಡಿ ಹೇಳಬಲ್ಲಳು. ಅತ್ತೆ ಮಾತ್ರ ಬಹಳ ಆಸಕ್ತಿಯಿಂದ ಕಿಟಕಿಯಾಚೆ ನೋಡುತ್ತಿದ್ದಳು.

ನಿಲ್ದೊ ಛಾವಣಿ ನೋಡಲಿಲ್ಲ. ಕಾಯಿಯನ್ನು ಬೆರಳಲ್ಲಿ ಎತ್ತಿ, ಎಲ್ಲರಿಗೂ ಕಾಣುವಂತೆ ಹಿಡಿದ.

“ಮುಂದಿನ ವರ್ಷ ನಂದು,” ಎಂದ. “ಇಲ್ಲೇ ಇರ್ತೀವಲ್ಲ.”

ಪೆಂಗ್ ಚಪ್ಪಾಳೆ ತಟ್ಟಿದ. ನಿಲ್ದೊ ಬೆಂಡೆಕಾಯಿಯನ್ನು ಬಾಯಿಗೆ ಹಾಕಿಕೊಂಡು ಬೆರಳು ನೆಕ್ಕಿದ. ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದ ನೀಲಿ ಕಾರಿನ ಕಡೆ ತಲೆ ಓರೆಮಾಡಿ ಬಹಳ ಹೊತ್ತು ನೋಡಿದ.

“ಬಣ್ಣ ಪರವಾಗಿಲ್ಲ,” ಎಂದ ಕೊನೆಗೆ. “ನಾನಾಗಿದ್ರೆ ಇನ್ನೊಂಚೂರು ಹೊಳಪು ತರ್ತಿದ್ದೆ. ಲೇನಿ, ಸೋಮವಾರ ಗೇಟು ಎಷ್ಟೊತ್ತಿಗೆ ತೆಗೀತಾರೆ?”

“ಕಂಪನಿ ಬಸ್ಸು ಬರೋದು ಐದೂವರೆಗೆ,” ಎಂದಳು ಲೇನಿ, ಅವನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತ. “ಬೇಗ ಎದ್ದೇಳು. ಅಮ್ಮ ಷವರ್ ಹಾಕೋಕೆ ಮುಂಚೆ.”